ಘಾಟಿಯ ಮುಂದಿನ ಸೀಟು ಬೇರೆ, ಹಡಗಿನ ಮುಂದಿನ ಕೋಣೆ ಬೇರೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಡಗು ಪ್ರವಾಸದ ಬಗ್ಗೆ ಪ್ರಕಟವಾದ ಲೇಖನವನ್ನು ನಮ್ಮ ಮನೆಯವರೆಲ್ಲರೂ ಓದಿದೆವು. ಊಟೋಪಚಾರ, ಲಗೇಜು, ಗುರುತಿನ ಚೀಟಿ ಮುಂತಾದ ವಿಷಯಗಳಲ್ಲಿ ಲೇಖನ ಉಪಯುಕ್ತವಾಗಿದೆ. ಆ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಕೋಣೆಯ ಆಯ್ಕೆಯ ಕುರಿತು ಅದರಲ್ಲಿ ಬಂದಿರುವ ಎರಡು ಮಾತುಗಳು, ಅಂದರೆ ಹಣ ಹೊಂದಿಸಬಲ್ಲವರು ಆದಷ್ಟು ಮೇಲಿನ ಅಂತಸ್ತಿನಲ್ಲಿ, ಆದಷ್ಟು ಮುಂಭಾಗದಲ್ಲಿ ಕೋಣೆ ಹಿಡಿಯಬೇಕೆಂಬುದು ಮತ್ತು ಈಗಿನ ಹಡಗುಗಳಿಗೆ ಸ್ಟೆಬಿಲೈಸರ್ ಇರುವುದರಿಂದ ಅಲುಗಾಟದ ಚಿಂತೆಯೇ ಬೇಡವೆಂಬುದು, ಓದುಗರನ್ನು ದಾರಿ ತಪ್ಪಿಸುವಂತಿವೆ. ಮೊದಲನೆಯ ಮಾತನ್ನು ಬೇರೊಬ್ಬರ ಬಾಯಿಂದ ಕೇಳಿ, ನಂಬಿ, ಹೆಚ್ಚಿನ ಹಣ ಕೊಟ್ಟು, ಮೂರು ದಿನ ಹೊಟ್ಟೆ ಕೆಡಿಸಿಕೊಂಡು ಬಂದವನು ನಾನಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ಸ್ಥಳಾವಕಾಶ ಮಾಡಿಕೊಡಬೇಕೆಂದು ವಿನಂತಿ.

ನಮ್ಮ ಊರಿನ ಹೆಸರು ಸಾಗರವೆಂದಿದ್ದರೂ ಇಲ್ಲಿರುವುದು ಕೆರೆಯೇ ಹೊರತು ಸಮುದ್ರವಲ್ಲ. ನಮ್ಮ ಕಡೆಯವರು ಕಂಡ ಹಡಗೆಂದರೆ ಹೊಳೆಬಾಗಿಲಿನ ಲಾಂಚು ಮಾತ್ರ. ಬಸ್ಸು, ಜೀಪು, ದೇವಿಯ ದರ್ಶನಕ್ಕೆ ಹೊರಟ ಭಕ್ತರು, ಎಲ್ಲರನ್ನೂ ಒಟ್ಟಿಗೆ ಹೊತ್ತು ಶರಾವತಿಯ ಹಿನ್ನೀರನ್ನು ದಾಟಿಸುತ್ತಿದ್ದ ಆ ಲಾಂಚಿನಲ್ಲಿ ಯಾರಿಗೂ ವಾಂತಿಯಾದದ್ದನ್ನು ನಾನು ಕಂಡಿಲ್ಲ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿನ ಮೇಲಿನ ಅವಲಂಬನೆಯೂ ತಪ್ಪಿತು. ಅದರ ಜಾಗವನ್ನು ಈಗ ಬೇರೆ ಬಗೆಯ ಹಡಗು ತುಂಬುತ್ತಿದೆ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದೊಡನೆ ಶಿವಮೊಗ್ಗದ ಏಜೆಂಟರು ಸೊಸೈಟಿಯ ಕಟ್ಟೆಯವರೆಗೆ ಬಂದು, ಮುಂಬೈಯಿಂದ ಗೋವೆಗೆ, ಲಕ್ಷದ್ವೀಪಕ್ಕೆ, ಕೊಚ್ಚಿಗೆ ಹೋಗುವ ಪ್ರವಾಸಿ ಹಡಗುಗಳ ಬಣ್ಣದ ಹಾಳೆಗಳನ್ನು ಹಂಚುತ್ತಾರೆ. ಕಾಶಿಗೆ ಹೋಗಿ ಬಂದವರು, ಷಷ್ಟ್ಯಬ್ದಿ ಮುಗಿಸಿಕೊಂಡವರು ಈಗ ತಂಡ ಕಟ್ಟಿಕೊಂಡು ಹಡಗು ಹತ್ತುತ್ತಿದ್ದಾರೆ. ಸಂತೋಷದ ಸಂಗತಿ.

ಹೋದ ವರ್ಷ ಡಿಸೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ, ನನ್ನ ಷಡ್ಡಕನೂ ನಾದಿನಿಯೂ ಸೇರಿ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗಿಗೆ ಟಿಕೆಟ್ ಮಾಡಿಸಿದೆವು. ನನ್ನ ಹೆಂಡತಿಗೆ ಆಗುಂಬೆಯ 14 ತಿರುವುಗಳಲ್ಲಿ ಮೂರನೆಯದನ್ನು ದಾಟುವಷ್ಟರಲ್ಲಿ ಹೊಟ್ಟೆ ತೊಳಸಲು ಆರಂಭವಾಗುತ್ತದೆ. ಆದ್ದರಿಂದ ಏಜೆಂಟರಲ್ಲಿ ನಾನು ಮೊದಲು ಕೇಳಿದ್ದೇ ಅಲುಗಾಟ ಕಡಿಮೆ ಇರುವ ಕೋಣೆ ಯಾವುದೆಂದು. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಒಂಬತ್ತನೆಯ ಡೆಕ್ಕಿನಲ್ಲಿ, ಎಂದರೆ ಅಂತಸ್ತಿನಲ್ಲಿ, ಹಡಗಿನ ಮೂತಿಯ ಕಡೆಗಿದ್ದ ದೊಡ್ಡ ಗಾಜಿನ ಕೋಣೆಯೊಂದನ್ನು ತೋರಿಸಿ, "ಸಾರ್, ಘಾಟಿಯಲ್ಲಿ ಡ್ರೈವರ್ ಪಕ್ಕದ ಸೀಟು ಇದ್ದ ಹಾಗೆ, ಮುಂದೆ ಕೂತರೆ ವಾಂತಿ ಬರಲ್ಲ" ಎಂದರು. ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿದ ನನಗೆ ಆ ಮಾತು ಆ ಕ್ಷಣಕ್ಕೆ ಸರಿಯೆನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ತಲಾ 18 ಸಾವಿರ ರೂಪಾಯಿ ಹೆಚ್ಚು ಕೊಟ್ಟು ಅದನ್ನೇ ಹಿಡಿದೆ. ತಡವಾಗಿ ಹಣ ಕಟ್ಟಿದ ಷಡ್ಡಕನಿಗೆ ಉಳಿದದ್ದು ಮೂರನೆಯ ಡೆಕ್ಕಿನಲ್ಲಿ, ಹೆಚ್ಚುಕಡಿಮೆ ಹಡಗಿನ ನಟ್ಟನಡುವೆ ಇದ್ದ, ಕಿಟಕಿಯೇ ಇಲ್ಲದ ಅಗ್ಗದ ಕೋಣೆ. ಪಾಪ, ಅವನಿಗೆ ಗೂಡು ಸಿಕ್ಕಿತೆಂದು ನಾವು ಮರುಗಿದೆವು.

ಮುಂಬೈ ಬಿಟ್ಟ ಮೊದಲ ರಾತ್ರಿ ಹನ್ನೊಂದರ ಹೊತ್ತಿಗೆ ಬೀರುವಿನೊಳಗಿನ ಬಟ್ಟೆ ಹ್ಯಾಂಗರುಗಳು ಟಕ್ ಟಕ್ ಎಂದು ಒಂದಕ್ಕೊಂದು ತಾಗಲಾರಂಭಿಸಿದವು. ಬಿರುಗಾಳಿಯೇನೂ ಇರಲಿಲ್ಲ, ಸಮುದ್ರದ ಸ್ಥಿತಿ ಸಾಮಾನ್ಯವಾಗಿದೆಯೆಂದು ಆ ಸಂಜೆಯಷ್ಟೇ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹೇಳಿದ್ದರು. ಆದರೂ ಮಂಚ ನಮ್ಮನ್ನು ಮೆಲ್ಲಗೆ ಮೇಲಕ್ಕೆತ್ತಿ, ಒಂದು ಗಳಿಗೆ ತಡೆದು, ಲಿಫ್ಟು ಕೆಳಗಿಳಿಯುವಾಗ ಹೊಟ್ಟೆಯೊಳಗೆ ಏನೋ ಕಳಚಿದಂತಾಗುತ್ತದಲ್ಲ, ಹಾಗೆ ಕೆಳಕ್ಕೆ ಬಿಡುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ. ಒಂದು ಏರಿಳಿತಕ್ಕೆ ಸುಮಾರು ಏಳು ಸೆಕೆಂಡು. ಹೆಂಡತಿ ಬೆಳಗಿನವರೆಗೆ ಬಚ್ಚಲುಮನೆಯ ಬಾಗಿಲಲ್ಲೇ ಕುಳಿತಿದ್ದಳು. "ರೀ, ಇದಕ್ಕಿಂತ ಆಗುಂಬೆಯೇ ವಾಸಿ, ಅರ್ಧ ಗಂಟೆಗೆ ಮುಗಿಯುತ್ತದೆ" ಎಂಬುದು ಆ ರಾತ್ರಿ ಅವಳು ಆಡಿದ ಒಂದೇ ಪೂರ್ಣ ವಾಕ್ಯ. ಬೆಳಗ್ಗೆ ಏಳೂವರೆಗೆ ನಾದಿನಿ ತಲೆ ಬಾಚಿ, ಹೂ ಮುಡಿದು, ನಮ್ಮ ಬಾಗಿಲು ತಟ್ಟಿ, "ಅಕ್ಕಾ, ತಿಂಡಿಗೆ ಬರಲ್ವಾ? ಇಡ್ಲಿ ಬಿಸಿಯಾಗಿದೆ" ಎಂದಳು. ಅವರಿಗೆ ರಾತ್ರಿಯಿಡೀ ಗಾಢ ನಿದ್ದೆ.

ಮುಂದಿನ ಸಂಗತಿ ಈ ಪತ್ರದ ಜೀವಾಳ. ಘಾಟಿಗೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದ ನಿಂಬೆಹಣ್ಣೊಂದು ನಮ್ಮ ಕೋಣೆಯ ಮೇಜಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಉರುಳಾಡುತ್ತಿತ್ತು. ಅದನ್ನೇ ಹಿಡಿದುಕೊಂಡು ಮೂರನೆಯ ಡೆಕ್ಕಿಗೆ ಇಳಿದು ಷಡ್ಡಕನ ಮೇಜಿನ ಮೇಲಿಟ್ಟೆ. ಅಲ್ಲಿ ಅದು ಅಲುಗದೆ ನಿಲ್ಲುತ್ತದೆಂದು ನನ್ನ ಎಣಿಕೆ. ನಿಲ್ಲಲಿಲ್ಲ. ಅಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಉರುಳಿತು. ಹಾಗಾದರೆ ಇವರು ನಿದ್ದೆ ಮಾಡಿದ್ದು ಹೇಗೆ? ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ನಾನೇ ಮಕ್ಕಳಿಗೆ ಕಲಿಸುತ್ತಿದ್ದ ಸನ್ನೆಕೋಲಿನ ಪಾಠ ನೆನಪಾಯಿತು. ಹಡಗೆಂಬುದು ಬಗ್ಗದ ಒಂದೇ ವಸ್ತುವಾದ್ದರಿಂದ ಅದು ಎಷ್ಟು ಡಿಗ್ರಿ ವಾಲುತ್ತದೋ ಅದರ ಪ್ರತಿಯೊಂದು ಕೋಣೆಯೂ ಅಷ್ಟೇ ಡಿಗ್ರಿ ವಾಲುತ್ತದೆ. ನಿಂಬೆಹಣ್ಣಿಗೆ ಗೊತ್ತಾಗುವುದು ಮುಖ್ಯವಾಗಿ ಆ ವಾಲುವಿಕೆ. ಆದರೆ ಹೊಟ್ಟೆ ತೊಳಸುವಂತೆ ಮಾಡುವುದು ವಾಲುವಿಕೆಗಿಂತ ಹೆಚ್ಚಾಗಿ ಮೇಲೆ ಕೆಳಗೆ ಆಗುವ ಪಯಣ, ಮತ್ತು ಅದು ಕೋಣೆಯಿಂದ ಕೋಣೆಗೆ ಅಜಗಜಾಂತರ.

ಹಳೆಯ ಕಾಲದ ಏತವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಂಬದ ಮೇಲಿನ ತೊಲೆಯ ತುದಿ ಬಾವಿಯೊಳಕ್ಕೆ ಇಳಿದು ಆಳೆತ್ತರಕ್ಕೆ ಏರುವಾಗಲೂ ಅಚ್ಚಿನ ಬಳಿಯ ಭಾಗ ಇದ್ದಲ್ಲೇ ಇರುತ್ತದೆ. ಎದುರಿನಿಂದ ಅಲೆ ಬಂದಾಗ ಹಡಗಿನ ಮೂತಿ ಎದ್ದು ಹಿಂಬದಿ ತಗ್ಗುತ್ತದೆ, ಅಲೆ ದಾಟಿದ ಮೇಲೆ ಇದು ತಲೆಕೆಳಗಾಗುತ್ತದೆ. ಹಡಗಿನವರು ಇದನ್ನು ಪಿಚಿಂಗ್ ಎನ್ನುತ್ತಾರೆ. ಈ ತೂಗಾಟದ ಅಚ್ಚು ಹಡಗಿನ ನಡುವೆ, ಸಾಮಾನ್ಯವಾಗಿ ನಡುವಿನಿಂದ ತುಸು ಹಿಂದಕ್ಕೆ ಇರುತ್ತದೆ. 200 ಮೀಟರ್ ಉದ್ದದ ಹಡಗನ್ನು ತೆಗೆದುಕೊಳ್ಳೋಣ. ಅದರ ಮೂತಿ ಕೇವಲ ಒಂದು ಡಿಗ್ರಿ ಎದ್ದು, ಒಂದು ಡಿಗ್ರಿ ತಗ್ಗಿತೆಂದರೆ, ನಡುವಿನಿಂದ 90 ಮೀಟರ್ ಮುಂದಿರುವ ಕೋಣೆ ಒಂದೂವರೆ ಮೀಟರಿಗಿಂತ ಹೆಚ್ಚು ಏರಿ ಅಷ್ಟೇ ಇಳಿಯುತ್ತದೆ. ಒಟ್ಟು ಮೂರು ಮೀಟರ್, ಎಂದರೆ ಜಗಲಿಯಿಂದ ಮೆತ್ತಿಗೆ ಇರುವಷ್ಟು ಎತ್ತರ. ನಡುವಿನಿಂದ 10 ಮೀಟರ್ ದೂರದ ಕೋಣೆಗೆ ಇದೇ ಲೆಕ್ಕ ಹಾಕಿದರೆ ಬರುವುದು ಒಟ್ಟು 35 ಸೆಂಟಿಮೀಟರ್, ಹೊಸ್ತಿಲಿಗಿಂತ ತುಸು ಎತ್ತರ. ಇಡೀ ಹಡಗೇ ಅಲೆಯ ಮೇಲೆ ಏರಿಳಿಯುವುದು ಬೇರೆ ಇದೆ, ಅದು ಎಲ್ಲ ಕೋಣೆಗಳಿಗೂ ಸಮಾನ. ಅದರ ಮೇಲೆ ಈ ಮೂರು ಮೀಟರನ್ನು ಸೇರಿಸಿಕೊಳ್ಳಬೇಕೋ ಒಂದು ಗೇಣೂವರೆಯನ್ನು ಸೇರಿಸಿಕೊಳ್ಳಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿರುವ ಆಯ್ಕೆ. ನಾನು ತಲಾ 18 ಸಾವಿರ ಹೆಚ್ಚು ಕೊಟ್ಟು ಏತದ ತುದಿಯನ್ನು ಹಿಡಿದುಕೊಂಡಿದ್ದೆ.

ಎತ್ತರದ ವಿಚಾರಕ್ಕೆ ಅಡಿಕೆ ಮರ ಸಾಕು. ಗಾಳಿಗೆ ತೋಟ ತೂಗುವಾಗ ಬುಡದಲ್ಲಿ ನಿಂತವನಿಗೆ ಏನೂ ತಿಳಿಯುವುದಿಲ್ಲ, ಅಡಿಕೆ ಕೊನೆ ಕೊಯ್ಯಲು ಐವತ್ತು ಅಡಿ ಮೇಲೆ ಕೂತ ಕೊನೆಗೌಡನಿಗೆ ಪಕ್ಕದ ಮರ ಕೈಗೆ ಸಿಗುವಷ್ಟು ತೂಗಾಟ. ಹಡಗು ಎಡಕ್ಕೂ ಬಲಕ್ಕೂ ಹೊಯ್ದಾಡುವುದು, ಎಂದರೆ ರೋಲಿಂಗ್, ನೀರಿನ ಮಟ್ಟದ ಆಸುಪಾಸಿನ ಅಚ್ಚಿನ ಸುತ್ತ ನಡೆಯುತ್ತದೆ. ಮೂರು ಡಿಗ್ರಿಯ ಹೊಯ್ದಾಟಕ್ಕೆ ಆ ಅಚ್ಚಿನಿಂದ 25 ಮೀಟರ್ ಮೇಲಿರುವ ಕೋಣೆ ಒಂದೊಂದು ಪಕ್ಕಕ್ಕೂ ಒಂದೂಕಾಲು ಮೀಟರಿಗೆ ಮೀರಿ ಸರಿದರೆ, 5 ಮೀಟರ್ ಮೇಲಿರುವುದು ಕಾಲು ಮೀಟರ್ ಸರಿಯುತ್ತದೆ. ಹೀಗಾಗಿ ಕೆಳಗಿದ್ದಷ್ಟೂ ಒಳ್ಳೆಯದು, ಹಡಗಿನ ಅಗಲದ ಮಧ್ಯಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಕೆಳಗಿನ ಡೆಕ್ಕು, ಹಡಗಿನ ಉದ್ದದ ನಡು, ಈ ಎರಡೂ ಅನುಕೂಲಗಳು ಒಂದೇ ಕೋಣೆಯಲ್ಲಿ ಸಿಗದಿದ್ದರೆ ಯಾವುದನ್ನು ಬಿಡಬೇಕು? ನನ್ನ ತೀರ್ಮಾನ ಸ್ಪಷ್ಟವಾಗಿದೆ: ಎತ್ತರವನ್ನು ಸಹಿಸಿಕೊಂಡರೂ ಪರವಾಗಿಲ್ಲ, ನಡುವನ್ನು ಬಿಡಬಾರದು. ಕಾರಣವಿದೆ. ಚಲನೆಯಿಂದ ಬರುವ ವಾಕರಿಕೆ ಚಲನೆಯ ಪ್ರಮಾಣದ ಜತೆಗೆ ಅದರ ವೇಗವನ್ನೂ ಅವಲಂಬಿಸಿದೆ. ಮೇಲೆ ಕೆಳಗೆ ಆಗುವ ಚಲನೆ ಐದಾರು ಸೆಕೆಂಡಿಗೊಂದು ಸುತ್ತು ಮುಗಿಸುವಂತಿದ್ದಾಗ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ಅಸಹನೀಯವಾಗುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಎರಡು ಸೆಕೆಂಡಿಗಿಂತ ಚುರುಕಾದ ಕುಲುಕಾಟವಾಗಲಿ, ಹತ್ತು ಸೆಕೆಂಡಿಗಿಂತ ನಿಧಾನವಾದ ತೂಗಾಟವಾಗಲಿ ಅಷ್ಟು ಕಾಡುವುದಿಲ್ಲ. ದೊಡ್ಡ ಪ್ರವಾಸಿ ಹಡಗುಗಳ ಎಡಬಲದ ಹೊಯ್ದಾಟ ಬಹುಮಟ್ಟಿಗೆ ತೊಟ್ಟಿಲಿನಂತೆ ನಿಧಾನ, ಒಂದು ಸುತ್ತಿಗೆ 15ರಿಂದ 20 ಸೆಕೆಂಡು ಹಿಡಿಯುವುದುಂಟು. ಮೂತಿಯ ಏಳುಬೀಳಾದರೋ ಸರಿಯಾಗಿ ಆ ಕೆಟ್ಟ ವೇಗದ ಸಮೀಪಕ್ಕೆ ಬಂದು ನಿಲ್ಲುತ್ತದೆ. ನಾನು ಎಣಿಸಿದ ಏಳು ಸೆಕೆಂಡೂ ಅದೇ.

ಲೇಖನದ ಎರಡನೆಯ ಮಾತಿಗೂ ಇಲ್ಲಿಯೇ ಉತ್ತರ ಸಿಗುತ್ತದೆ. ಸ್ಟೆಬಿಲೈಸರ್ ಎಂದರೆ ಹಡಗಿನ ಹೊಟ್ಟೆಯ ಎರಡೂ ಬದಿಗಳಲ್ಲಿ, ನೀರಿನೊಳಗೆ, ಮೀನಿನ ಈಜುರೆಕ್ಕೆಯಂತೆ ಚಾಚಿಕೊಳ್ಳುವ ಎರಡು ಅಥವಾ ನಾಲ್ಕು ಫಲಕಗಳು. ಹಡಗು ಎಡಕ್ಕೆ ವಾಲುವುದನ್ನು ಗೈರೋಸ್ಕೋಪ್ ಎಂಬ ತಿರುಗುಚಕ್ರದ ಉಪಕರಣ ಗ್ರಹಿಸಿದೊಡನೆ ಫಲಕಗಳು ಕೋನ ಬದಲಿಸಿಕೊಂಡು, ಹರಿದುಹೋಗುವ ನೀರಿನ ಬಲದಿಂದಲೇ ಅದನ್ನು ಬಲಕ್ಕೆ ಒತ್ತುತ್ತವೆ. ಬ್ರಿಟನ್ನಿನ ಐಲ್ ಆಫ್ ಸಾರ್ಕ್ ಎಂಬ ಹಡಗಿಗೆ ಇಂಥ ಫಲಕಗಳನ್ನು 1936ರಷ್ಟು ಹಿಂದೆಯೇ ಕೂರಿಸಿದ್ದರು; ಅದಕ್ಕೂ ಮೊದಲು, 1932ರಲ್ಲಿ ಮೊದಲ ಯಾನ ಮಾಡಿದ ಇಟಲಿಯ ಕಾಂಟೆ ಡಿ ಸವೋಯಾ ಎಂಬ ಹಡಗಿನ ಗರ್ಭದಲ್ಲಿ ಮೂರು ದೈತ್ಯ ಗೈರೋಸ್ಕೋಪುಗಳನ್ನೇ ತಿರುಗಲು ಬಿಟ್ಟಿದ್ದರು. ಈ ಉಪಕರಣಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ತಡೆಯುವುದು ಎಡಬಲದ ಹೊಯ್ದಾಟವನ್ನು. ಇನ್ನೂರು ಮೀಟರ್ ಉದ್ದದ ಹಡಗಿನ ಮೂತಿಯ ಏಳುಬೀಳನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ಅಲ್ಲದೆ ಅವು ಕೆಲಸ ಮಾಡಬೇಕಾದರೆ ಹಡಗು ಮುಂದಕ್ಕೆ ಚಲಿಸುತ್ತಿರಬೇಕು. ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳ ಹೊರಗೆ ಹಡಗು ನಿಂತು ನಮ್ಮನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕಳಿಸುತ್ತಿದ್ದಾಗ ಫಲಕಗಳ ಆಟ ಮುಗಿದಿತ್ತು. ಮೇಲಿನ ಡೆಕ್ಕಿನ ಈಜುಕೊಳದ ನೀರು ಒಂದು ಬದಿಯಿಂದ ಇನ್ನೊಂದು ಬದಿಗೆ ಮಗುಚುತ್ತಿದ್ದುದನ್ನು ನೋಡುತ್ತಾ ನಾವು ಸರದಿಯಲ್ಲಿ ನಿಂತಿದ್ದೆವು.

ಇನ್ನು ನಮ್ಮ ಕಡೆಯವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವ ಘಾಟಿಯ ಹೋಲಿಕೆ. ನಮ್ಮ ಒಳಕಿವಿಯಲ್ಲಿ ತಿರುವುಗಳನ್ನು ಗುರುತಿಸುವ ಮೂರು ಅರ್ಧವೃತ್ತಾಕಾರದ ನಾಳಗಳೂ, ಏರಿಳಿತವನ್ನು ಗುರುತಿಸುವ ಸೂಕ್ಷ್ಮ ಸುಣ್ಣದ ಹರಳುಗಳೂ ಇವೆ. ಕಿವಿ ಚಲಿಸುತ್ತಿದ್ದೇವೆ ಎನ್ನುವಾಗ ಕಣ್ಣು ಇಲ್ಲವೆಂದರೆ, ಆ ಜಗಳದ ಫಲವನ್ನು ಉಣ್ಣುವುದು ಹೊಟ್ಟೆ. ಹುಲಿಕಲ್ ಘಾಟಿಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವನಿಗೆ ಬರಲಿರುವ ತಿರುವು ಮೊದಲೇ ಕಾಣುವುದರಿಂದ ಕಣ್ಣು ಕಿವಿಗಳು ರಾಜಿಯಾಗುತ್ತವೆ. ಅಲ್ಲಿ ಮುಂದಿನ ಸೀಟಿನ ಲಾಭವಿರುವುದು ನೋಟದಲ್ಲಿ. ಅದೇ ಬಸ್ಸಿನಲ್ಲಿ ಗರ್ಭಿಣಿಯೊಬ್ಬಳು ಹತ್ತಿದರೆ ಕಂಡಕ್ಟರು ಆಕೆಯನ್ನು ಮುಂದಕ್ಕೂ ಕಳಿಸುವುದಿಲ್ಲ, ಹಿಂದಿನ ಚಕ್ರದ ಮೇಲೂ ಕೂರಿಸುವುದಿಲ್ಲ, ಎರಡು ಚಕ್ರಗಳ ನಡುವಿನ ಸೀಟನ್ನು ಬಿಡಿಸಿಕೊಡುತ್ತಾರೆ. ಏಕೆಂದರೆ ಎತ್ತಿಹಾಕುವುದು ಕಡಿಮೆ ಇರುವುದು ಅಲ್ಲಿ. ಹಡಗಿನ ಕೋಣೆಗೆ ಹೋಲಿಕೆ ಬೇಕೆಂದರೆ ಈ ಎರಡನೆಯ ಸೀಟನ್ನು ಹಿಡಿಯಬೇಕಾಗಿತ್ತು. ಸಮುದ್ರದಲ್ಲಿ ರಸ್ತೆಯೂ ಇಲ್ಲ, ತಿರುವೂ ಇಲ್ಲ, ರಾತ್ರಿಯಲ್ಲಂತೂ ಗಾಜಿನ ಆಚೆ ಬರಿಯ ಕತ್ತಲೆ. ಮುಂದೆ ಕೂತು ನೋಡುವುದಾದರೂ ಏನನ್ನು?

ಹಾಗೆಂದು ಕಿಟಕಿಯ ಪ್ರಯೋಜನವನ್ನು ತಳ್ಳಿಹಾಕುವಂತಿಲ್ಲ. ಹಗಲಿನಲ್ಲಿ ಕಡಲು ಬಾನು ಕೂಡುವ ಗೆರೆಯನ್ನು ದಿಟ್ಟಿಸುತ್ತಿದ್ದರೆ ಹೊಟ್ಟೆ ಶಾಂತವಾಗುವುದು ನಿಜ. ಎಲ್ಲವೂ ಅಲುಗುವಲ್ಲಿ ಅದೊಂದು ಮಾತ್ರ ಸ್ಥಿರ. ಆದ್ದರಿಂದ ಕೆಳಗಿನ ಡೆಕ್ಕಿನ ನಡುಭಾಗದಲ್ಲಿ ಕಿಟಕಿಯಿರುವ ಕೋಣೆ ಸಿಕ್ಕರೆ ಅದಕ್ಕಿಂತ ಉತ್ತಮವಾದುದಿಲ್ಲ. ನಡುವಿನ ಕಿಟಕಿಯಿಲ್ಲದ ಕೋಣೆ ಮತ್ತು ತುದಿಯ ಬಾಲ್ಕನಿ ಕೋಣೆ, ಇವೆರಡೇ ಉಳಿದಿದ್ದರೆ ನಾನು ಮೊದಲನೆಯದನ್ನು ಹಿಡಿದು, ಗೆರೆ ನೋಡಬೇಕೆನಿಸಿದಾಗ ತೆರೆದ ಡೆಕ್ಕಿಗೆ ಹೋಗಿ ನಿಲ್ಲುತ್ತೇನೆ. ನಡುಭಾಗದ ಕೋಣೆಗಳಿಗೂ ಅವುಗಳದೇ ಕಿರಿಕಿರಿ ಇದೆಯೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಲಿಫ್ಟಿಗೆ ಹತ್ತಿರವಾದ್ದರಿಂದ ರಾತ್ರಿ ಎರಡರವರೆಗೆ ಜನ ಮಾತಾಡುತ್ತಾ ಓಡಾಡುತ್ತಾರೆ, ತಲೆಯ ಮೇಲೆ ಕುಣಿತದ ಹಾಲ್ ಇದ್ದರಂತೂ ಕೇಳುವುದೇ ಬೇಡ. ತೀರಾ ಹಿಂಬದಿಯ ಕೋಣೆಗಳಲ್ಲಿ ಏಳುಬೀಳಿನ ಜತೆಗೆ ಪ್ರೊಪೆಲ್ಲರಿನ ನಡುಕವೂ ಸೇರಿಕೊಳ್ಳುತ್ತದೆ.

ಹಡಗಿನ ತುದಿಯಲ್ಲಿ ಮಲಗಿ ಕಷ್ಟಪಟ್ಟವರಲ್ಲಿ ನನಗಿಂತ ದೊಡ್ಡವರಿದ್ದಾರೆ. ಚಾರ್ಲ್ಸ್ ಡಾರ್ವಿನ್ನರು 1831ರ ಡಿಸೆಂಬರ್‌ನಲ್ಲಿ ಬೀಗಲ್ ಹಡಗನ್ನು ಹತ್ತಿ, ಹಿಂಬದಿಯ ಕೋಣೆಯಲ್ಲಿ ನಕ್ಷೆಯ ಮೇಜಿನ ಮೇಲ್ಗಡೆ ತೂಗುಹಾಸಿಗೆ ಕಟ್ಟಿಕೊಂಡು, ಸುಮಾರು ಐದು ವರ್ಷದ ಆ ಪ್ರವಾಸದುದ್ದಕ್ಕೂ ಕಡಲ ಕಾಯಿಲೆಯಿಂದ ನರಳಿದರು. ಆರಂಭದ ದಿನಗಳಲ್ಲಿ ಅವರ ಹೊಟ್ಟೆ ಒಪ್ಪಿದ್ದು ಬಿಸ್ಕತ್ತು ಮತ್ತು ಒಣದ್ರಾಕ್ಷಿಯನ್ನಷ್ಟೇ. ಬೀಗಲ್‌ನ ಉದ್ದ 30 ಮೀಟರನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ಅದರಲ್ಲಿ ನಡುವೆ ಮಲಗಿದರೂ ಹೆಚ್ಚಿನ ಸುಖವೇನೂ ಸಿಗುತ್ತಿರಲಿಲ್ಲವೇನೋ. ನಮಗೆ ಆ ಅನಿವಾರ್ಯವಿಲ್ಲ.

ನಮಗಿರುವ ತೊಡಕು ಬೇರೆ ತೆರನದು. ಏಜೆಂಟರು ಮಾರುವುದು ಕೋಣೆಯ ವರ್ಗವನ್ನು; ಒಳಕೋಣೆ, ಕಿಟಕಿಯ ಕೋಣೆ, ಬಾಲ್ಕನಿ ಕೋಣೆ, ಸೂಟ್ ಎಂಬ ನಾಲ್ಕು ಹೆಸರುಗಳನ್ನಷ್ಟೇ ಹೇಳುತ್ತಾರೆ. ಆ ಕೋಣೆ ಹಡಗಿನ ಉದ್ದದಲ್ಲಿ ಎಲ್ಲಿದೆಯೆಂಬುದನ್ನು ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ರಿಯಾಯಿತಿಯೆಂದು ತೋರಿಸುವ ಗ್ಯಾರಂಟಿ ಕ್ಯಾಬಿನ್ ಎಂಬುದಂತೂ ನಮ್ಮಂಥ ಹೊಟ್ಟೆಯವರಿಗೆ ಹೇಳಿ ಮಾಡಿಸಿದ ಬಲೆ. ಅಲ್ಲಿ ಗ್ಯಾರಂಟಿ ಇರುವುದು ವರ್ಗಕ್ಕೆ ಮಾತ್ರ, ಜಾಗಕ್ಕಲ್ಲ. ಉಳಿದವರೆಲ್ಲ ಆರಿಸಿಕೊಂಡು ಬಿಟ್ಟ ಕೋಣೆ ಕೊನೆಯ ಗಳಿಗೆಯಲ್ಲಿ ನಮ್ಮ ಪಾಲಿಗೆ ಬರುತ್ತದೆ. ಉಚಿತ ಅಪ್‌ಗ್ರೇಡ್ ಬಂದರೆ ಇನ್ನೂ ಯೋಚಿಸಬೇಕು, ಏಕೆಂದರೆ ಹಡಗಿನವರ ಲೆಕ್ಕದಲ್ಲಿ ಮೇಲಕ್ಕೆ ಹೋಗುವುದೆಲ್ಲ ಬಡ್ತಿ. ನಡುವಿನ ಕೆಳಗಿನ ಕೋಣೆಯನ್ನು ಕಾಡಿ ಬೇಡಿ ಹಿಡಿದವನನ್ನು ಪ್ರೀತಿಯಿಂದ ಎತ್ತಿ ಹತ್ತನೆಯ ಡೆಕ್ಕಿನ ಮೂತಿಯಲ್ಲಿ ಕೂರಿಸಿದರೆ ಆತ ಯಾರಿಗೆ ದೂರು ಕೊಡಬೇಕು? ಅಪ್‌ಗ್ರೇಡ್ ಬೇಡವೆಂದು ಟಿಕೆಟ್ ಮಾಡಿಸುವಾಗಲೇ ಬರೆಸಿಕೊಳ್ಳುವುದು ಕ್ಷೇಮ.

ಆದ್ದರಿಂದ ಹಣ ಕಟ್ಟುವ ಮೊದಲು ಡೆಕ್ ಪ್ಲಾನ್ ಎಂಬ ನಕ್ಷೆಯನ್ನು ಕೇಳಿ ಪಡೆಯಬೇಕು. ಹಡಗು ಕಂಪನಿಗಳು ಅದನ್ನು ಸಾಮಾನ್ಯವಾಗಿ ಬಹಿರಂಗವಾಗಿಯೇ ಇಟ್ಟಿರುತ್ತವೆ. ಕೋಣೆಯ ಸಂಖ್ಯೆಯಲ್ಲಿ ಮೊದಲ ಅಂಕಿ ಅಥವಾ ಮೊದಲೆರಡು ಅಂಕಿಗಳು ಬಹುತೇಕ ಡೆಕ್ಕನ್ನು ಸೂಚಿಸುತ್ತವೆ, ಉಳಿದವು ಉದ್ದಕ್ಕೆ ಸಾಗುವ ಕ್ರಮವನ್ನು. ಆದರೆ ಅಂಕಿಗಳನ್ನೇ ನಂಬದೆ ನಕ್ಷೆಯ ಮೇಲೆ ಅಳೆದು ನೋಡಬೇಕು. ಅಳೆಯುವಾಗ ಆ ಡೆಕ್ಕಿನ ಕೋಣೆಗಳ ಸಾಲಿನ ಮಧ್ಯವನ್ನು ಹಡಗಿನ ಮಧ್ಯವೆಂದು ತಿಳಿಯಬಾರದು. ಮುಂಭಾಗದಲ್ಲಿ ನಾಟಕಶಾಲೆಯೋ ಹಿಂಭಾಗದಲ್ಲಿ ಊಟದ ಹಾಲೋ ಇದ್ದರೆ ಕೋಣೆಗಳ ಸಾಲು ಒಂದು ಬದಿಗೆ ಸರಿದಿರುತ್ತದೆ. ಮೂತಿಯ ತುದಿಯಿಂದ ಹಿಂಬದಿಯ ತುದಿಯವರೆಗೆ ಇಡೀ ಹಡಗನ್ನು ಸ್ಕೇಲ್ ಇಟ್ಟು ಅಳೆದು, ನಡುವಿಗೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹಡಗಿನ ಉದ್ದದ ಹತ್ತನೆಯ ಒಂದು ಭಾಗದಷ್ಟು ದೂರದೊಳಗೆ ಹುಡುಕಬೇಕೆಂಬುದು ನಾನು ಇಟ್ಟುಕೊಂಡಿರುವ ಅಂದಾಜು. ಇಂಥ ಕೋಣೆಗಳು ಹೆಚ್ಚಾಗಿ ಸೂಟುಗಳಿಗಿಂತ ಅಗ್ಗವಾಗಿಯೇ ಇರುತ್ತವೆ. ಮಾರುವವರಿಗೆ ಅದರಲ್ಲಿ ಆಸಕ್ತಿ ಕಡಿಮೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಾಲ್ಕೈದು ದಿನದ ಪ್ರವಾಸ, ಕೋಣೆ ಎಲ್ಲಿದ್ದರೇನು, ಅಭ್ಯಾಸವಾಗಿಬಿಡುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಅಭ್ಯಾಸವಾಗುವುದು ನಿಜ, ಹೆಚ್ಚಿನವರ ದೇಹ ಎರಡು ಮೂರು ದಿನಗಳಲ್ಲಿ ಕಡಲಿಗೆ ಹೊಂದಿಕೊಳ್ಳುತ್ತದೆ. ಆದರೆ ನಮ್ಮಲ್ಲಿ ಮಾರಾಟವಾಗುವುದು ಹೆಚ್ಚಾಗಿ ಎರಡರಿಂದ ಐದು ರಾತ್ರಿಗಳ ಪ್ರವಾಸಗಳು. ಮೈ ಒಗ್ಗುವ ಹೊತ್ತಿಗೆ ಮುಂಬೈಯ ಬಂದರು ಬಂದಿರುತ್ತದೆ. ಮೂರು ವಾರ ಹಡಗಿನಲ್ಲಿರುವವನು ಕೆಟ್ಟ ಕೋಣೆಯನ್ನು ಸಹಿಸಿಯಾನು, ಮೂರು ರಾತ್ರಿಗೆ ಹೋಗುವವನಿಗೆ ಆ ಮೂರೂ ರಾತ್ರಿಗಳು ಹಾಳು.

ಹವಾಮಾನದ ವಿಷಯದಲ್ಲಿ ಬಹಳ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಅಬ್ಬರ ಎಂಥದೆಂಬುದು ಮಲ್ಪೆಯಿಂದ ಮೀನು ತರುವ ವ್ಯಾನಿನವರನ್ನು ಕೇಳಿದರೂ ತಿಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಡಲು ಹೆಚ್ಚಾಗಿ ಶಾಂತ. ಆದರೂ ಗಾಳಿಯಿಲ್ಲದ ದಿನವೂ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಹುಟ್ಟಿದ ಉದ್ದುದ್ದ ಅಲೆಗಳು ನಮ್ಮ ಕರಾವಳಿಯ ಕಡೆಗೆ ಬರುವುದುಂಟು. ಕೇರಳದವರು ಇಂಥದಕ್ಕೆ ಕಳ್ಳಕ್ಕಡಲ್ ಎಂದು ಹೆಸರಿಟ್ಟಿದ್ದಾರೆ. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಹೊರಡುವ ಮುನ್ನ ಅದನ್ನು ನೋಡಿಕೊಂಡರೆ ಮಾತ್ರೆಯ ವಿಷಯದಲ್ಲಾದರೂ ತಯಾರಿರಬಹುದು.

ಮಾತ್ರೆಯೂ ಅಷ್ಟೆ, ಹೊಟ್ಟೆ ತೊಳಸಲು ಆರಂಭವಾದ ಮೇಲೆ ನುಂಗಿದರೆ ಮಾತ್ರೆಯೇ ಹೊರಬರುತ್ತದೆ. ಬಸ್ ಪ್ರಯಾಣಕ್ಕೆ ನಾವೆಲ್ಲ ಬಲ್ಲ ಅವೋಮಿನ್ ಮಾತ್ರೆ ಹಡಗಿಗೂ ನಡೆಯುತ್ತದೆ, ಆದರೆ ಮಂಪರು ತರುತ್ತದೆ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನಮ್ಮ ವಯಸ್ಸಿನ ತಂಡಗಳಲ್ಲಿ ಇಂಥವರೇ ಹೆಚ್ಚು. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ. ಶುಂಠಿ ಬೆಳೆಯುವ ಸೀಮೆಯಿಂದ ಹೋಗಿ ಹಡಗಿನ ಅಂಗಡಿಯಲ್ಲಿ ಶುಂಠಿ ಪೆಪ್ಪರ್‌ಮಿಂಟಿಗೆ ದುಬಾರಿ ಬೆಲೆ ಕೊಟ್ಟದ್ದನ್ನು ನನ್ನ ಹೆಂಡತಿ ಈಗಲೂ ಬಂದವರೆದುರು ಹೇಳುತ್ತಾಳೆ. ಖಾಲಿ ಹೊಟ್ಟೆಯಲ್ಲಿರುವುದೂ ಒಳ್ಳೆಯದಲ್ಲ. ಎರಡನೆಯ ರಾತ್ರಿ ನಾದಿನಿ ತಂದಿದ್ದ ಒಣ ಅವಲಕ್ಕಿ ನಮ್ಮನ್ನು ಕಾಪಾಡಿತು.

ಆ ಎರಡನೆಯ ರಾತ್ರಿಯ ಏರ್ಪಾಟನ್ನೂ ಹೇಳಿಬಿಡುತ್ತೇನೆ. ಕೋಣೆ ಬದಲಿಸಿಕೊಡಿರೆಂದು ಹಡಗಿನ ಕೌಂಟರಿನಲ್ಲಿ ಕೇಳಿದೆವು. ಹಡಗು ಭರ್ತಿಯಾಗಿದೆಯೆಂಬ ಉತ್ತರ ಬಂತು. ಕೊನೆಗೆ ನನ್ನ ಹೆಂಡತಿಯೂ ನಾದಿನಿಯೂ ಮೂರನೆಯ ಡೆಕ್ಕಿನ ಗೂಡಿನಲ್ಲಿ ಮಲಗಿದರು, ನಾನೂ ಷಡ್ಡಕನೂ ಒಂಬತ್ತನೆಯ ಡೆಕ್ಕಿನ ಗಾಜಿನ ಅರಮನೆಯಲ್ಲಿ. ಅವರಿಬ್ಬರೂ ಬೆಳಗಿನವರೆಗೆ ಎಚ್ಚರವಾಗದೆ ಮಲಗಿದ್ದರು. ಹಿಂದಿನ ರಾತ್ರಿ ಗೊರಕೆ ಹೊಡೆದಿದ್ದ ಷಡ್ಡಕ ರಾತ್ರಿ ಒಂದರ ಹೊತ್ತಿಗೆ ಎದ್ದು ಕುಳಿತು, "ಭಾವ, ನಿಂಬೆಹಣ್ಣು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದ. ಮನುಷ್ಯ ಅವನೇ, ಹಡಗು ಅದೇ, ಸಮುದ್ರವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಮಂಚದ ಜಾಗ ಮಾತ್ರ. ಒಂದೇ ಸಲದ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲವೆಂದು ಮಕ್ಕಳಿಗೆ ಕಲಿಸಿದವನು ನಾನೇ. ಆದರೆ ಇಲ್ಲಿ ಲೆಕ್ಕವೂ ಅನುಭವವೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಪುರವಣಿಯಲ್ಲಿ ಬಂದ ಆ ಎರಡು ಮಾತುಗಳಿಗೆ ಒಂದು ಸಣ್ಣ ತಿದ್ದುಪಡಿಯನ್ನು ಪ್ರಕಟಿಸಬೇಕು. ಸಾಧ್ಯವಾದರೆ ಹಡಗಿನ ಉದ್ದ ಸೀಳಿದ ಒಂದು ಚಿತ್ರವನ್ನು ಹಾಕಿ, ನಡುಭಾಗದ ಕೆಳಗಿನ ಡೆಕ್ಕುಗಳಿಗೆ ಬಣ್ಣ ತುಂಬಿ ತೋರಿಸಬೇಕು. ಪ್ರವಾಸದ ಜಾಹೀರಾತು ಕೊಡುವವರು ಬೆಲೆಯ ಜತೆಗೆ ಡೆಕ್ಕನ್ನೂ, ಕೋಣೆ ಹಡಗಿನ ಯಾವ ಭಾಗದಲ್ಲಿದೆಯೆಂಬುದನ್ನೂ ನಮೂದಿಸುವಂತೆ ತಮ್ಮ ಜಾಹೀರಾತು ವಿಭಾಗದವರು ಒಂದು ಮಾತು ಹೇಳಿದರೆ ಇನ್ನೂ ಉಪಕಾರವಾದೀತು. ನಮ್ಮ ತಾಲ್ಲೂಕಿನಿಂದಲೇ 22 ಜನರ ತಂಡವೊಂದು ಜನವರಿಯ ಪ್ರವಾಸಕ್ಕೆ ಮೊದಲ ಕಂತು ಕಟ್ಟಿದೆ. ತಮ್ಮ ಲೇಖನವನ್ನು ಕತ್ತರಿಸಿ ಇಟ್ಟುಕೊಂಡು ಅವರೆಲ್ಲ ಮೂತಿಯ ಕಡೆಯ ಕೋಣೆಗಳನ್ನೇ ಕೇಳುತ್ತಿದ್ದಾರೆ. ಎರಡನೆಯ ಕಂತಿಗೆ ಈ ತಿಂಗಳ ಕೊನೆಯವರೆಗೆ ಅವಕಾಶವಿದ್ದು, ಅಲ್ಲಿಯವರೆಗೆ ಕೋಣೆ ಬದಲಿಸಿಕೊಳ್ಳಬಹುದೆಂದು ತಿಳಿಯಿತು. ತಿದ್ದುಪಡಿ ಅದಕ್ಕೆ ಮೊದಲು ಬಂದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಸಾಗರ, ಶಿವಮೊಗ್ಗ ಜಿಲ್ಲೆ